ಆ ಕಲಂನಲ್ಲಿ ಒಂದೇ ಪದ ಹೇಳಿ ನಿಲ್ಲಿಸಬೇಡ

ತಂಗಿ, ನಿನ್ನ ಪ್ರಶ್ನೆ ಓದಿ ಮೊದಲು ನಗು ಬಂತು. ಆಮೇಲೆ ಹಳೆಯದೆಲ್ಲ ನೆನಪಾಗಿ ಸ್ವಲ್ಪ ಹೊಟ್ಟೆ ಉರಿಯಿತು. ನೀನು ಬೀದರ್‌ನ ಮೆಥೋಡಿಸ್ಟ್ ಹುಡುಗಿ, ನರ್ಸ್ ಕೆಲಸಕ್ಕೆ ಜರ್ಮನಿಯ ಡಾರ್ಟ್‌ಮುಂಡ್‌ಗೆ ಬರುತ್ತಿದ್ದೀಯ. ವಿಳಾಸ ನೋಂದಾಯಿಸುವ ಫಾರ್ಮಿನಲ್ಲಿ ಧರ್ಮ ಕೇಳುತ್ತಾರಂತೆ, ಕ್ರೈಸ್ತಳು ಅಂದರೆ ಪಗಾರದಲ್ಲಿ ಹಿಡಿಯುತ್ತಾರಂತೆ, ಹಾಗಾದರೆ ಅದ್ಯಾವ ಧರ್ಮಸ್ವಾತಂತ್ರ್ಯ ಅಕ್ಕಾ ಅಂತ ಕೇಳಿದ್ದೀಯ.

ಹಿಡಿಯುವುದು ನಿಜ. ನನಗೂ ಹಿಡಿದಿದ್ದರು.

2012ರಲ್ಲಿ ನಾನು ಬಂದಾಗ ನನ್ನ ಜರ್ಮನ್ ಅಷ್ಟಕ್ಕಷ್ಟೇ. ಕೌಂಟರಿನ ಹೆಂಗಸು ಧರ್ಮ ಕೇಳಿದಳು. ‘ಕ್ರಿಶ್ಚಿಯನ್’ ಅಂದೆ. ‘ಕ್ಯಾಥೊಲಿಕ್ಕೋ, ಎವಾಂಗೆಲಿಶ್ಶೋ?’ ಅಂದಳು. ಎರಡನೆಯದು ಕಿವಿಗೆ ಪರಿಚಯದ ಪದದ ಹಾಗೆ ಕೇಳಿಸಿತು. ಅದು ಇಲ್ಲಿಯ ದೊಡ್ಡ ಪ್ರೊಟೆಸ್ಟಂಟ್ ಚರ್ಚಿನ ಹೆಸರು ಅಂತ ಆಗ ಗೊತ್ತಿರಲಿಲ್ಲ. ತಲೆ ಆಡಿಸಿದೆ. ಮುಗಿಯಿತು. ಮೊದಲ ಪಗಾರದ ಚೀಟಿಯಲ್ಲಿ ‘ಕಿರ್ಶೆನ್‌ಸ್ಟೊಯರ್’ ಅಂತ ಒಂದು ಸಾಲು. ಚರ್ಚ್ ತೆರಿಗೆ! ಬೀದರ್‌ನಲ್ಲಿ ಕಾಣಿಕೆ ಚೀಲ ಬಂದಾಗ ಹತ್ತು ರೂಪಾಯಿ ಹಾಕಿ ಮುಖ ಮೇಲೆತ್ತುತ್ತಿದ್ದವಳು ನಾನು.

ಲೆಕ್ಕ ಹೀಗಿದೆ. ಬವೇರಿಯಾ, ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳಲ್ಲಿ ಶೇ. 8, ಉಳಿದ ಕಡೆ ಶೇ. 9. ಆದರೆ ಇದು ಪಗಾರದ ಮೇಲಲ್ಲ, ನಿನ್ನ ಆದಾಯ ತೆರಿಗೆಯ ಮೇಲೆ. ತಿಂಗಳಿಗೆ 400 ಯೂರೋ ಆದಾಯ ತೆರಿಗೆ ಆದರೆ ಚರ್ಚಿಗೆ 36. ತೆರಿಗೆ ಇಲಾಖೆಯೇ ವಸೂಲಿ ಮಾಡಿ, ತನ್ನ ಕೂಲಿ ಇಟ್ಟುಕೊಂಡು, ಉಳಿದದ್ದನ್ನು ಚರ್ಚಿಗೆ ಕೊಡುತ್ತದೆ. ನಮ್ಮಲ್ಲಿ ಮುಜರಾಯಿ ಇಲಾಖೆ ದೇವಸ್ಥಾನದ ಹುಂಡಿ ಎಣಿಸುತ್ತದೆ ಅಂತ ಜಗಳ. ಇಲ್ಲಿ ಸರ್ಕಾರವೇ ಹುಂಡಿ ಹಿಡಿದು ಮನೆಮನೆಗೆ ಬರುತ್ತದೆ ಅನ್ನು.

ಇದು ಇವತ್ತಿನ ಸರ್ಕಾರ ಮಾಡಿದ್ದಲ್ಲ. 1919ರ ಸಂವಿಧಾನದಲ್ಲಿದ್ದ ಧರ್ಮದ ವಿಧಿಗಳನ್ನೇ 1949ರ ಸಂವಿಧಾನದೊಳಕ್ಕೆ ಹಾಗೇ ಎತ್ತಿಕೊಂಡರು. ಸಾರ್ವಜನಿಕ ಸಂಸ್ಥೆ ಅನ್ನುವ ಸ್ಥಾನ ಸಿಕ್ಕ ಧಾರ್ಮಿಕ ಗುಂಪು ತನ್ನ ಸದಸ್ಯರಿಂದ ತೆರಿಗೆ ತೆಗೆದುಕೊಳ್ಳಬಹುದು. ಆ ಸ್ಥಾನ ಎಲ್ಲರಿಗೂ ಸುಲಭವಾಗಿ ಸಿಗುವುದಿಲ್ಲ. ಮುಸ್ಲಿಮರಲ್ಲಿ ಮೊದಲು ಸಿಕ್ಕಿದ್ದು ಅಹ್ಮದೀಯರಿಗೆ, ಅದೂ 2013ರಲ್ಲಿ, ಹೆಸ್ಸೆನ್ ರಾಜ್ಯದಲ್ಲಿ. ಎಲ್ಲರೂ ಸಮಾನರು ಅಂತ ಬರೆದಿಟ್ಟು, ಕೆಲವರಿಗೆ ಮಾತ್ರ ಈ ಸ್ಥಾನ ಯಾಕೆ ಅಂತ ಇಲ್ಲಿಯವರೂ ಕೇಳುತ್ತಾರೆ. ನನಗೂ ಇದು ಸರಿ ಅನ್ನಿಸಿಲ್ಲ.

ತಮಾಷೆ ಅಂದರೆ, ಇಲ್ಲಿಯ ಮೆಥೋಡಿಸ್ಟರು ಈ ತೆರಿಗೆ ತೆಗೆದುಕೊಳ್ಳುವುದೇ ಇಲ್ಲ. ನಮ್ಮ ಹಾಗೆ ಕಾಣಿಕೆಯ ಮೇಲೇ ನಡೆಯುತ್ತಾರೆ. ಆದರೆ ಅವರ ಪೂರ್ತಿ ಹೆಸರು ‘ಎವಾಂಗೆಲಿಶ್-ಮೆಥೋಡಿಸ್ಟಿಶ್’ ಅಂತ ಶುರುವಾಗುತ್ತದೆ! ಮೊದಲ ಪದಕ್ಕೇ ನಿಲ್ಲಿಸಿದರೆ ನೀನು ದೊಡ್ಡ ಎವಾಂಗೆಲಿಶ್ ಚರ್ಚಿನ ಸದಸ್ಯೆ.

ಆ ಸದಸ್ಯತ್ವ ಬಿಡಿಸಿಕೊಳ್ಳಲು ಜರ್ಮನಿಯ ನಮ್ಮ ಈ ರಾಜ್ಯದಲ್ಲಿ ಕೋರ್ಟಿಗೆ ಹೋಗಬೇಕು. ಗುರುತಿನ ಚೀಟಿ ತೋರಿಸಿ, ಸಹಿ ಹಾಕಿ, 30 ಯೂರೋ ಕಟ್ಟಿದೆ. ಯಾಕೆ ಬಿಡುತ್ತೀಯ ಅಂತ ಒಂದು ಮಾತು ಕೇಳಲಿಲ್ಲ. ಕರ್ನಾಟಕದ 2022ರ ಮತಾಂತರ ಕಾನೂನಿನಲ್ಲಿ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಬರೆದುಕೊಡಬೇಕು ಅಂತ ಇಟ್ಟಿದ್ದರಲ್ಲ, ಅದನ್ನು ಕೇಳಿದಾಗ ಇದು ನೆನಪಾಯಿತು. ಆದರೆ ಅವತ್ತು ಕೋರ್ಟಿನಲ್ಲಿ ಕೈಗೆ ಬಂದ ಕಾಗದ ಮಾತ್ರ ಚುಚ್ಚಿತು. ನಾನು ಒಂದು ಭಾನುವಾರವೂ ಕಾಲಿಡದ ಸಭೆಯನ್ನು ‘ತೊರೆದಿದ್ದಾಳೆ’ ಅಂತ ಅದರಲ್ಲಿತ್ತು. ಅವ್ವನಿಗೆ ಫೋನಿನಲ್ಲಿ ಹೇಳಲೇ ಇಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಧರ್ಮದ ಕಲಂ ಅಂದರೆ ನಮಗೆ ಯಾಕೆ ಎದೆ ಡವಡವ ಅನ್ನುತ್ತದೆ ಅಂತ ನಿನಗೂ ಗೊತ್ತು. 1950ರ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅಂದರೆ ಹಿಂದೂ ಮಾತ್ರ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ದಲಿತ ಕ್ರೈಸ್ತರಾದ ನಾವು ಹೊರಗೇ. ನಮ್ಮಪ್ಪ ಶಾಲೆಯಲ್ಲಿ ‘ಕ್ರೈಸ್ತ’ ಅಂತಲೇ ಬರೆಸಿದ, ಜಾತಿ ಸರ್ಟಿಫಿಕೇಟು ಕೈಬಿಟ್ಟುಹೋಯಿತು. ಓಣಿಯವರು ನಮ್ಮನ್ನು ನೋಡುವ ರೀತಿ ಮಾತ್ರ ಬದಲಾಗಲಿಲ್ಲ. ಇಲ್ಲಿಯ ಕಲಂ ಹಾಗಲ್ಲ. ನೀನು ಏನು ನಂಬುತ್ತೀಯ ಅಂತ ಹೇಳುವಂತೆ ಯಾರೂ ಬಲವಂತ ಮಾಡುವಂತಿಲ್ಲ, ಅದು ಸಂವಿಧಾನದಲ್ಲೇ ಇದೆ. ಯಾವ ಸಂಸ್ಥೆಯ ಸದಸ್ಯೆ ಅನ್ನುವುದಷ್ಟೇ ಅವರಿಗೆ ಬೇಕು.

ಆದರೆ ನರ್ಸ್‌ಗಳಿಗೆ ಇನ್ನೊಂದು ಗಂಟು ಇದೆ. ಇಲ್ಲಿ ಎಷ್ಟೋ ಆಸ್ಪತ್ರೆಗಳನ್ನು ಚರ್ಚುಗಳೇ ನಡೆಸುತ್ತವೆ, ಅವಕ್ಕೆ ಕೆಲಸದ ನಿಯಮಗಳೂ ಬೇರೆ. ಕೆಲವು ವರ್ಷ ಆದಮೇಲೆ ಅಂಥ ಒಂದು ಆಸ್ಪತ್ರೆಗೆ ಅರ್ಜಿ ಹಾಕಿದೆ. ಸಂದರ್ಶನ ಚೆನ್ನಾಗಿಯೇ ನಡೆಯಿತು, ಚರ್ಚ್ ತೊರೆದ ವಿಷಯ ಬರುವವರೆಗೆ. ಕೆಲಸ ಸಿಗಲಿಲ್ಲ. ರೋಗಿಯ ಹಾಸಿಗೆ ಬದಲಿಸಲು ಯಾವ ಚರ್ಚಾದರೇನು? 2018ರಲ್ಲಿ ಐರೋಪ್ಯ ನ್ಯಾಯಾಲಯ, ಆ ಕೆಲಸಕ್ಕೆ ನಿಜವಾಗಿ ಬೇಕಿದ್ದರೆ ಮಾತ್ರ ಧರ್ಮ ನೋಡಬಹುದು ಅಂದಿತು. ಕ್ಯಾಥೊಲಿಕ್ಕರು 2022ರಲ್ಲಿ ನಿಯಮ ಸಡಿಲಿಸಿ, ವಿಚ್ಛೇದನ, ಮರುಮದುವೆ ನಿಮ್ಮ ಖಾಸಗಿ ವಿಷಯ ಅಂದರು. ಚರ್ಚ್ ತೊರೆದವರ ಮೇಲೆ ಮಾತ್ರ ಈಗಲೂ ಕಣ್ಣು. ಅದಕ್ಕೇ ಹೇಳುವುದು, ಸುಮ್ನೆ ಮೊದಲು ಬರೆಸಿ ಆಮೇಲೆ ಬಿಟ್ಟರಾಯಿತು ಅಂದುಕೊಳ್ಳಬೇಡ. ಮೊದಲೇ ಸೇರದಿರುವುದು ಬೇರೆ, ಸೇರಿ ಬಿಡುವುದು ಬೇರೆ.

ಉಳಿದದ್ದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಅಕ್ಕಿ ತಂದಿಟ್ಟುಕೋ. ಶುಭ ಶುಕ್ರವಾರ ಡಿಸ್ಕೋದಲ್ಲಿ ಕುಣಿಯುವಂತಿಲ್ಲ, ಅದಕ್ಕೂ ಕಾನೂನಿದೆ. ನೀನು ಹೇಗೂ ಅವತ್ತು ಸಭೆಗೆ ಹೋಗಿರುತ್ತೀಯ.

ನೋಂದಣಿಯ ದಿನ ಒಂದು ಚೀಟಿಯಲ್ಲಿ ‘ಮೆಥೋಡಿಸ್ಟ್, ಎವಾಂಗೆಲಿಶ್ ಚರ್ಚಿನ ಸದಸ್ಯೆ ಅಲ್ಲ’ ಅಂತ ಜರ್ಮನ್‌ನಲ್ಲಿ ಬರೆದುಕೊಂಡು ಹೋಗು. ನಾನು ಬರೆದು ಕಳಿಸುತ್ತೇನೆ. ಅವರು ಪ್ರಿಂಟ್ ಕೊಟ್ಟಾಗ ಅಲ್ಲೇ ನಿಂತು ಓದು, ಹಿಂದೆ ಕ್ಯೂ ಇದ್ದರೂ ಇರಲಿ. ಮೊದಲ ಪಗಾರದ ಚೀಟಿಯಲ್ಲಿ ಧರ್ಮದ ಜಾಗದಲ್ಲಿ ಎರಡು ಅಡ್ಡ ಗೆರೆ ಇರಬೇಕು. ‘ಇ, ವಿ’ ಅನ್ನುವ ಎರಡಕ್ಷರ ಕಂಡರೆ ಅವತ್ತೇ ನನಗೆ ಫೋನ್ ಮಾಡು.