ಬೈಕಿನ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಮಾತ್ರ ಫ್ಯೂಸ್ ಹೋಗುತ್ತದೆ, 10ರ ಬದಲು 30 ಆಂಪಿಯರ್ ಹಾಕಬಹುದಾ?

ಬೇಡ ಮಾರಾಯ್ರೇ. 30ರದ್ದು ತಂದಾಗಿದ್ದರೆ ಅಂಗಡಿಗೇ ವಾಪಸ್ ಕೊಡಿ.

ಕಾಸರಗೋಡಿನ ಪೆರ್ಲದ ಹತ್ತಿರ ಮನೆ, ಕಂಗಿನ ತೋಟದ ನಡುವೆ ಕತ್ತಲೆ ದಾರಿ, ಅದಕ್ಕೇ ಮನೆಯಲ್ಲೇ 20 ವಾಟಿನ ಎರಡು ಎಲ್‌ಇಡಿ ಲೈಟ್ ಹಾಕಿಕೊಂಡೆ ಅಂತ ಬರೆದಿದ್ದೀರಿ. ಸ್ವಿಚ್ ಹ್ಯಾಂಡಲಿನಲ್ಲಿ, ಕರೆಂಟು ಇಗ್ನಿಶನ್ (ಕೀ) ವಯರಿನಿಂದ. ರಸ್ತೆಯಲ್ಲಿ ತೊಂದರೆ ಇಲ್ಲ, ಅಂಗಳದಲ್ಲಿ ಬೈಕ್ ತಿರುಗಿಸುವಾಗ ಫ್ಯೂಸ್ ಹೋಗಿ ಹಾರ್ನು, ಇಂಡಿಕೇಟರು ಎಲ್ಲ ಬಂದ್. ಬದಿಯಡ್ಕದಲ್ಲಿ ಬೈಕ್ ವಯರಿಂಗ್ ಮಾಡುವ ನನಗೆ ಇಷ್ಟು ವಿವರ ಸಾಕು. ರಸ್ತೆಯ ತಿರುವು ಎಷ್ಟೇ ಇದ್ದರೂ ಓಡುವ ಬೈಕಿನ ಹ್ಯಾಂಡಲ್ ತಿರುಗುವುದು ಸ್ವಲ್ಪವೇ. ಪೂರ್ತಿ ತಿರುಗುವುದು ಅಂಗಳದಲ್ಲಿ, ಪಾರ್ಕಿಂಗಿನಲ್ಲಿ. ನೀವು ಎಳೆದ ವಯರು ಹ್ಯಾಂಡಲಿನ ಕುತ್ತಿಗೆಯ ಹತ್ತಿರ ಫ್ರೇಮಿಗೂ ಫೋರ್ಕಿಗೂ ನಡುವೆ ಸಿಕ್ಕಿ ಸಿಪ್ಪೆ ಕಿತ್ತುಹೋಗಿದೆ. ಒಳಗಿನ ತಾಮ್ರ ಫ್ರೇಮಿಗೆ ತಾಗಿದ ಕೂಡಲೇ ಶಾರ್ಟ್. ಫ್ರೇಮೇ ಬ್ಯಾಟರಿಯ ನೆಗೆಟಿವ್ ಅಲ್ವಾ.

ಲೈಟಿನ ಭಾರಕ್ಕೆ ಫ್ಯೂಸ್ ಹೋಗುತ್ತಿಲ್ಲ. ಎರಡೂ ಸೇರಿ 40 ವಾಟ್, 12 ವೋಲ್ಟಿಗೆ ಸುಮಾರು 3.3 ಆಂಪಿಯರ್, ಅಷ್ಟೇ. ದೊಡ್ಡ ಫ್ಯೂಸ್ ಹಾಕಿದರೆ ಶಾರ್ಟ್ ಹಾಗೇ ಇರುತ್ತದೆ, ಫ್ಯೂಸಿನ ಬದಲು ವಯರು ಸುಡುತ್ತದೆ, ಅದೂ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ. ಹೋದ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಬರುವವರೂ ಇದ್ದಾರೆ, ಅವರ ವಿಷಯ ಬಿಡಿ.

ಈಗ ಜಾಗ ಹುಡುಕಬೇಕು. ಮೊದಲು ಒಂದು ಸುಳಿವು: ಲೈಟ್ ಸ್ವಿಚ್ ಆಫ್ ಇದ್ದಾಗಲೂ ಫ್ಯೂಸ್ ಹೋಗುತ್ತದಾ? ಹೌದಾದರೆ ಪೆಟ್ಟಾದದ್ದು ಸ್ವಿಚ್ಚಿಗೆ ಬರುವ ವಯರಿಗೆ. ಆನ್ ಮಾಡಿದಾಗ ಮಾತ್ರ ಆದರೆ ಸ್ವಿಚ್ಚಿನಿಂದ ಲೈಟಿಗೆ ಹೋಗುವ ವಯರಿಗೆ. ಅರ್ಧ ಕೆಲಸ ಅಲ್ಲೇ ಮುಗಿಯಿತು. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಅನುಮಾನದ ವಯರಿನ ಎರಡೂ ತುದಿ ಬಿಡಿಸಿ. ಒಂದೇ ತುದಿ ಬಿಡಿಸಿದರೆ ಬೇರೆ ಬಲ್ಬುಗಳ ಮೂಲಕ ದಾರಿ ಸಿಕ್ಕಿ ಮೀಟರು ಸುಮ್ಮನೆ ಕೂಗಬಹುದು, ಇಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಮಲ್ಟಿಮೀಟರನ್ನು ಬೀಪ್ ಬರುವ ಸೆಟ್ಟಿಂಗಿಗೆ ಇಟ್ಟು, ಒಂದು ಕಡ್ಡಿ ವಯರಿಗೆ, ಇನ್ನೊಂದು ಫ್ರೇಮಿನ ಪೈಂಟ್ ಇಲ್ಲದ ಬೋಲ್ಟಿಗೆ ಹಿಡಿದು, ಹ್ಯಾಂಡಲನ್ನು ನಿಧಾನ ತಿರುಗಿಸಲು ಮನೆಯವರಿಗೆ ಹೇಳಿ. ಬೀಪ್ ಬಂದಲ್ಲಿ ನಿಲ್ಲಿಸಿ ಟಾರ್ಚ್ ಬಿಟ್ಟು ನೋಡಿ.

ಸಿಕ್ಕಿದ ಮೇಲೆ ಟೇಪ್ ಸುತ್ತಿ ಕೈ ತೊಳೆದುಕೊಳ್ಳಬೇಡಿ. ಆಟಿ ತಿಂಗಳ ಜೋರು ಮಳೆಗೆ ಅಂಟು ಬಿಟ್ಟು ನೀರು ಒಳಗೆ ಹೋಗುತ್ತದೆ, ತಾಮ್ರ ಹಸಿರಾಗುತ್ತದೆ. ಕುಂಬಳೆ, ಮಂಜೇಶ್ವರದಂಥ ಕಡಲ ಬದಿಯಲ್ಲಿ ಇನ್ನೂ ಬೇಗ. ಆ ವಯರನ್ನು ಪೂರ್ತಿ ಬದಲಿಸಿ, ಜಾಯಿಂಟಿಗೆ ಸೋಲ್ಡರ್ ಮಾಡಿ ಮೇಲೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿ. ಜಾಯಿಂಟು ಕುತ್ತಿಗೆಯ ಹತ್ತಿರ ಬೇಡ, ಅಲ್ಲಿ ದಿನಾ ಮಡಚಿ ಮಡಚಿ ತುಂಡಾಗುತ್ತದೆ. ಹೊಸ ವಯರಿಗೆ ಸ್ಲೀವ್ ಹಾಕಿ, ಕಂಪೆನಿ ವಯರಿಂಗ್ ಯಾವ ದಾರಿಯಲ್ಲಿ ಹೋಗಿದೆಯೋ ಅದರ ಜೊತೆಗೇ ಬಿಡಿ. ಅವರು ಲೆಕ್ಕ ಹಾಕಿಯೇ ಆ ದಾರಿ ಹಿಡಿದದ್ದು. ಕುತ್ತಿಗೆಯಲ್ಲಿ ಸ್ವಲ್ಪ ಸಡಿಲ ಇರಲಿ, ಕೇಬಲ್ ಟೈ ಎಳೆದು ಬಿಗಿಯಬೇಡಿ.

ಬಿಚ್ಚಿದ ಟ್ಯಾಂಕ್ ಕೂರಿಸುವ ಮೊದಲು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಬೈಕ್ ಜೋಡಿಸಿ ಆದ ಮೇಲೆ ಗೇರು ನ್ಯೂಟ್ರಲ್ ಇದೆಯಾ ಅಂತ ನೋಡಿ, ಸ್ಟಾರ್ಟ್ ಮಾಡಿ ಮತ್ತೊಮ್ಮೆ ಹಾಗೇ ಮಾಡಿ. ತಿರುಗಿಸುವಾಗ ಎಂಜಿನ್ ತಾನಾಗಿ ರೇಸ್ ಆದರೆ ನಿಮ್ಮ ವಯರೋ ಟೈಯೋ ಆಕ್ಸಿಲೇಟರ್ ಕೇಬಲನ್ನು ಎಳೆಯುತ್ತಿದೆ. ಅದು ಫ್ಯೂಸಿಗಿಂತ ದೊಡ್ಡ ಅಪಾಯ.

ಹೇಗೂ ಬಿಚ್ಚಿದ್ದೀರಿ, ಒಂದು ರಿಲೇ ಹಾಕಿಬಿಡಿ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ ಅದು. 30ನೇ ಪಿನ್ನಿಗೆ ಬ್ಯಾಟರಿಯ ಪಾಸಿಟಿವ್, 87ರಿಂದ ಲೈಟಿಗೆ, 86ಕ್ಕೆ ಸ್ವಿಚ್ಚಿನ ಮೂಲಕ ಬರುವ ಇಗ್ನಿಶನ್ ವಯರು, 85 ಫ್ರೇಮಿಗೆ. ಪಾಸಿಟಿವಿಗೆ ಬೇರೆಯೇ 5 ಆಂಪಿಯರ್ ಫ್ಯೂಸ್, ಬ್ಯಾಟರಿಗೆ ಆದಷ್ಟು ಹತ್ತಿರ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವಯರಿಗೆ ಕಾವಲು ಇಲ್ಲ ನೋಡಿ. ರಿಲೇ ಇದ್ದರೆ ಲೈಟಿನ ಭಾರ ಹ್ಯಾಂಡಲಿನ ಸಣ್ಣ ಸ್ವಿಚ್ಚಿನ ಮೇಲೆ ಬೀಳುವುದಿಲ್ಲ. ಲೈಟಿನ ಲೈನಿನಲ್ಲಿ ಶಾರ್ಟ್ ಆದರೂ ಹಾರ್ನು, ಇಂಡಿಕೇಟರು ಉಳಿಯುತ್ತವೆ.

ಲೈಟನ್ನು ಕೆಳಮುಖ ಮಾಡಿ, ಎದುರು ಗಾಡಿ ಬಂದಾಗ ಆಫ್ ಮಾಡಿ. ಎಂವಿಡಿಯವರು (ಮೋಟಾರು ವಾಹನ ಇಲಾಖೆ) ಇಂಥ ಲೈಟಿಗೆ ದಂಡ ಬರೆಯುವುದು ಉಂಟು.

ಇಷ್ಟಾದ ಮೇಲೂ ಹ್ಯಾಂಡಲ್ ನೆಟ್ಟಗಿರುವಾಗಲೇ ಫ್ಯೂಸ್ ಹೋದರೆ ಟ್ಯಾಂಕಿನ ಬೋಲ್ಟಿನ ಅಡಿ, ಸೀಟು ಒತ್ತುವ ಜಾಗ ನೋಡಿ. ಬೈಕಿನ ಮಾಡೆಲ್ ನೀವು ಬರೆದಿಲ್ಲ. ಬರೆದರೆ ಅದರಲ್ಲಿ ವಯರಿಂಗ್ ಕುತ್ತಿಗೆಯ ಯಾವ ಬದಿಯಿಂದ ಇಳಿಯುತ್ತದೆ ಅಂತ ಹೇಳುತ್ತೇನೆ.