ಪ್ರೇಮ ಕಾದಂಬರಿಗಳನ್ನು ಓದುವುದು ಕಾಲಹರಣವೇ?

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ಕಾಲೇಜು ದಿನಗಳಿಂದಲೂ ನನಗೆ ಪ್ರೇಮ ಕಾದಂಬರಿಗಳೆಂದರೆ ಇಷ್ಟ. ಈಗಲೂ ರಾತ್ರಿ ಮನೆಗೆಲಸ ಮುಗಿದ ಮೇಲೆ ಹತ್ತಿಪ್ಪತ್ತು ಪುಟ ಓದದೆ ಮಲಗುವುದಿಲ್ಲ. ಇತ್ತೀಚೆಗೆ ನಮ್ಮೂರಿನ ಓದುಗರ ಬಳಗವೊಂದಕ್ಕೆ ಸೇರಿಕೊಂಡೆ. ಅಲ್ಲಿ ನನ್ನ ಮೆಚ್ಚಿನ ಲೇಖಕಿಯರ ಹೆಸರು ಹೇಳಿದಾಗ ಹಿರಿಯರೊಬ್ಬರು, "ಅವೆಲ್ಲ ಸಾಹಿತ್ಯವಲ್ಲಮ್ಮ, ಒಂದು ಓದಿದರೆ ನೂರು ಓದಿದ ಹಾಗೆ" ಎಂದುಬಿಟ್ಟರು. ಇಂಥ ಕಾದಂಬರಿಗಳನ್ನು ಓದುವುದರಿಂದ ನಿಜವಾಗಿಯೂ ಪ್ರಯೋಜನವಿದೆಯೇ?
– ಹೆಸರು ಬೇಡವೆಂದವರು, ಹುಬ್ಬಳ್ಳಿ

ಉತ್ತರ: ಸಂಕೋಚವಿಲ್ಲದೆ ಓದಿ. ಆ ಹಿರಿಯರ ಮಾತಿನಲ್ಲಿ ಎರಡು ಆಕ್ಷೇಪಗಳು ಬೆರೆತಿವೆ. ಅವನ್ನು ಬೇರೆಬೇರೆಯಾಗಿ ನೋಡುವುದು ಒಳ್ಳೆಯದು.

ಪ್ರೇಮವೇ ವಸ್ತುವಾದ ಕೃತಿ ಸಾಹಿತ್ಯವಾಗಲಾರದು ಎನ್ನುವುದು ಮೊದಲನೆಯದು. ಈ ಮಾತು ಕನ್ನಡದಲ್ಲಿ ನಿಲ್ಲುವುದಿಲ್ಲ. ಹನ್ನೆರಡನೆಯ ಶತಮಾನದ ನೇಮಿಚಂದ್ರ ಕವಿಯ 'ಲೀಲಾವತಿ ಪ್ರಬಂಧ'ದಲ್ಲಿ ರಾಜಕುಮಾರನೊಬ್ಬ ಕನಸಿನಲ್ಲಿ ಕಂಡ ಹುಡುಗಿಯನ್ನು ಹುಡುಕಿಕೊಂಡು ಹೊರಡುತ್ತಾನೆ. ಅಡ್ಡಿ ಆತಂಕಗಳನ್ನು ದಾಟಿ ಇಬ್ಬರೂ ಒಂದಾಗುವುದೇ ಕಥೆ. ಅದನ್ನು ಪಠ್ಯವಾಗಿ ಓದಿಸುವವರು ಇಂದಿನ ಲೇಖಕಿಯೊಬ್ಬರು ಇದೇ ವಸ್ತುವನ್ನು ಗದ್ಯದಲ್ಲಿ ಬರೆದಾಗ ಮೂಗು ಮುರಿಯುವುದು ನ್ಯಾಯವಲ್ಲ.

ಎಲ್ಲ ಕಥೆಗಳೂ ಒಂದೇ, ಕೊನೆ ಮೊದಲೇ ಗೊತ್ತಿರುತ್ತದೆ ಎನ್ನುವುದು ಎರಡನೆಯ ಆಕ್ಷೇಪ. ಕೊನೆ ಗೊತ್ತಿರುತ್ತದೆ ಎಂಬುದೇನೋ ನಿಜ. ಆದರೆ ಯಕ್ಷಗಾನದ ಬಯಲಿನಲ್ಲಿ ಬೆಳಗಿನವರೆಗೆ ಕುಳಿತವರಿಗೂ ಪ್ರಸಂಗದ ಕೊನೆ ಗೊತ್ತೇ ಇರುತ್ತದೆ. ಅವರು ಕಾಯುವುದು ಈ ರಾತ್ರಿ ಈ ವೇಷಧಾರಿ ಯಾವ ಮಾತಿನಿಂದ ಪಾತ್ರವನ್ನು ನಿಲ್ಲಿಸುತ್ತಾನೆ ಎಂಬುದಕ್ಕೆ. ಪ್ರೇಮ ಕಾದಂಬರಿಯಲ್ಲೂ ಗಂಡು ಹೆಣ್ಣು ಕೂಡಿದರೇ ಎಂಬುದಕ್ಕಿಂತ ಅವರ ನಡುವೆ ಏನು ಅಡ್ಡ ಬಂತು, ಅದನ್ನು ಲೇಖಕಿ ಎಷ್ಟು ಪ್ರಾಮಾಣಿಕವಾಗಿ ತೋರಿಸಿದಳು ಎಂಬುದೇ ಮುಖ್ಯ. ಆಸ್ತಿ, ವರದಕ್ಷಿಣೆ, ಜಾತಿ, ವೈಧವ್ಯ, ಕಾಯಿಲೆ, ಹಿರಿಯರ ಹಟ ಮುಂತಾಗಿ ಒಂದು ಕಾಲದ ಸಮಾಜ ಕಥೆಯೊಳಗೆ ಕಾಲಿಡುವುದು ಆ ಅಡ್ಡಿಯ ಮೂಲಕವೇ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ, 1899ರಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯಲ್ಲಿಯೂ ಎಳೆಯ ವಿಧವೆಯೊಬ್ಬಳ ಮರುಮದುವೆಯ ಪ್ರಶ್ನೆಯೇ ಕಥೆಯನ್ನು ನಡೆಸುತ್ತದೆ.

ತ್ರಿವೇಣಿಯವರ 'ಬೆಳ್ಳಿಮೋಡ'ವನ್ನು ನೀವು ಓದಿರಬಹುದು. ಪುಟ್ಟಣ್ಣ ಕಣಗಾಲರು 1967ರಲ್ಲಿ ಅದನ್ನು ಚಲನಚಿತ್ರ ಮಾಡಿದರು. ಸಿರಿವಂತ ತಂದೆಯ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗಲು ಒಪ್ಪಿದ ಮೋಹನ ಅವಳ ತಂದೆಯ ಹಣದಲ್ಲೇ ವಿದೇಶಕ್ಕೆ ಓದಲು ಹೋಗುತ್ತಾನೆ. ಈ ನಡುವೆ, ಮಗಳು ಮದುವೆಗೆ ಬೆಳೆದು ನಿಂತಿರುವಾಗ, ಮನೆಯಲ್ಲಿ ಗಂಡುಮಗು ಹುಟ್ಟುತ್ತದೆ. ಆಸ್ತಿಗೆ ವಾರಸುದಾರ ಬಂದಂತಾಗುತ್ತದೆ. ಹಿಂದಿರುಗಿ ಬಂದ ಮೋಹನನ ಮನಸ್ಸು ಈಗ ಬೇರೆ. ಮುಂದೆ ಅಪಘಾತವಾಗಿ ಅವನು ಅದೇ ಮನೆಯಲ್ಲಿ ಹಾಸಿಗೆ ಹಿಡಿದಾಗ ಶುಶ್ರೂಷೆ ಮಾಡುವವಳು ಇಂದಿರಾಳೇ. ಅವನು ಪಶ್ಚಾತ್ತಾಪಪಡುತ್ತಾನೆ, ಮದುವೆಯಾಗುತ್ತೇನೆ ಎನ್ನುತ್ತಾನೆ. ಇಂದಿರಾ ಒಪ್ಪುವುದಿಲ್ಲ.

ಈ ನಿರಾಕರಣೆಯ ತೂಕವನ್ನು ಗಮನಿಸಿ. ಕೈಬಿಟ್ಟವನು ಕ್ಷಮೆ ಕೇಳಿಕೊಂಡು ಬಂದರೆ ಹೆಣ್ಣು ಕಣ್ಣೊರೆಸಿಕೊಂಡು ಒಪ್ಪಬೇಕು, ಅದೇ ಅವಳ ದೊಡ್ಡಗುಣ ಎಂದು ಮನೆಮನೆಯಲ್ಲೂ ಹೇಳಿಕೊಡುತ್ತಿದ್ದ ಕಾಲದ ಕಥೆ ಇದು. ಇಂದಿರಾ ಅವನನ್ನು ದ್ವೇಷಿಸುವುದಿಲ್ಲ, ಆರೈಕೆಯಲ್ಲಿ ಕೊರತೆ ಮಾಡುವುದಿಲ್ಲ. ಆದರೂ ಆರೈಕೆ ಬೇರೆ, ಬಾಳು ಒಪ್ಪಿಸುವುದು ಬೇರೆ ಎಂಬುದು ಅವಳಿಗೆ ಸ್ಪಷ್ಟವಾಗಿದೆ. ಇದನ್ನು ಬರೆದ ತ್ರಿವೇಣಿಯವರು 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಆ ಸಣ್ಣ ಅವಧಿಯಲ್ಲಿ ಅವರು ಬರೆದ ಇಪ್ಪತ್ತರಷ್ಟು ಕಾದಂಬರಿಗಳಲ್ಲಿ 'ಶರಪಂಜರ'ದಂಥವು ಪ್ರೇಮಕಥೆ ಮುಗಿಯುವಲ್ಲಿಂದಲೇ ನಿಜವಾದ ಕಥೆಯನ್ನು ಆರಂಭಿಸುತ್ತವೆ: ಮೆಚ್ಚಿ ಮದುವೆಯಾದ ಗಂಡ, ಬಾಣಂತನದ ನಂತರ ಕೆಡುವ ಹೆಂಡತಿಯ ಮನಸ್ಸು, ಗುಣವಾಗಿ ಬಂದ ಮೇಲೂ ಅವಳನ್ನು ಹುಚ್ಚಿಯೆಂದೇ ಕಾಣುವ ಮನೆಮಂದಿ.

ಇಂಥ ಬರವಣಿಗೆಯನ್ನು ಒಂದು ಕಾಲದಲ್ಲಿ 'ಅಡುಗೆಮನೆ ಸಾಹಿತ್ಯ' ಎಂದು ಹೀಯಾಳಿಸಿದ್ದುಂಟು. ಆ ಮಾತು ನನ್ನನ್ನು ಇಂದಿಗೂ ನೋಯಿಸುತ್ತದೆ, ಏಕೆಂದರೆ ಅದು ಲೇಖಕಿಯರನ್ನಷ್ಟೇ ಅಲ್ಲ, ಓದುಗಿಯರನ್ನೂ ಹಳಿಯುತ್ತಿತ್ತು. ವಾರಪತ್ರಿಕೆಯ ಧಾರಾವಾಹಿಯ ಹಾಳೆಗಳನ್ನು ಪ್ರತಿವಾರ ಜೋಪಾನವಾಗಿ ಬಿಡಿಸಿಕೊಂಡು, ದಬ್ಬಳದಿಂದ ತೂತು ಮಾಡಿ, ದಾರದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿ, ಓರಗಿತ್ತಿಯಿಂದ ಪಕ್ಕದ ಮನೆಯವರೆಗೆ ಕೈಬದಲಾಯಿಸುತ್ತಿದ್ದ ಆ ಹೆಂಗಸರಲ್ಲಿ ಎಷ್ಟೋ ಮಂದಿ ಶಾಲೆಯನ್ನು ಅರ್ಧಕ್ಕೇ ಬಿಟ್ಟವರು. ಅವರ ಓದು ಕುಂಟದೆ ಮುಂದುವರಿದದ್ದು ಈ ಕಾದಂಬರಿಗಳಿಂದ. ಕನ್ನಡ ಪುಸ್ತಕೋದ್ಯಮವನ್ನು ಆ ದಶಕಗಳಲ್ಲಿ ಹೊತ್ತುಕೊಂಡವರಲ್ಲಿ ಅವರೂ, ಅವರಿಗೆ ದಿನದ ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಬೀದಿಬದಿಯ ಸರ್ಕ್ಯುಲೇಟಿಂಗ್ ಲೈಬ್ರರಿಗಳೂ ಸೇರಿದ್ದಾರೆ.

ಅಮೆರಿಕದ ವಿದ್ವಾಂಸೆ ಜಾನಿಸ್ ರ್‍ಯಾಡ್ವೇ ಪ್ರೇಮ ಕಾದಂಬರಿಗಳ ಓದುಗಿಯರನ್ನೇ ಮಾತನಾಡಿಸಿ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಥೆಯಷ್ಟೇ ಅಲ್ಲ, ಓದುವ ಹೊತ್ತೂ ಆ ಹೆಂಗಸರಿಗೆ ಮುಖ್ಯವಾಗಿತ್ತು ಎಂಬುದನ್ನು ಅವರು ಕಂಡುಕೊಂಡರು. ಪುಸ್ತಕ ಕೈಯಲ್ಲಿರುವಷ್ಟು ಹೊತ್ತು ಗಂಡನೂ ಮಕ್ಕಳೂ ತಮ್ಮನ್ನು ಕರೆಯಬಾರದು ಎಂಬುದು ಅದರೊಳಗಿನ ಮಾತು. ನಿಮ್ಮ ರಾತ್ರಿಯ ಹತ್ತಿಪ್ಪತ್ತು ಪುಟಗಳಿಗೂ ಅಂಥ ಬೆಲೆಯಿದೆ ಎಂದು ನಾನು ನಂಬುತ್ತೇನೆ. ಹಾಗೆ ಓದಿ ಮನಸ್ಸು ತಣಿದ ಮಾತ್ರಕ್ಕೆ ಮನೆಯ ವ್ಯವಸ್ಥೆ ಬದಲಾಗುವುದಿಲ್ಲ ಎಂಬುದನ್ನೂ ರ್‍ಯಾಡ್ವೇ ಮುಚ್ಚಿಡಲಿಲ್ಲ.

ಇನ್ನು, ಆ ಹಿರಿಯರು ಹೇಳಬಹುದಾಗಿದ್ದ, ಆದರೆ ಹೇಳದ ನಿಜವಾದ ದೋಷಗಳಿವೆ. ಅನೇಕ ಜನಪ್ರಿಯ ಕಾದಂಬರಿಗಳಲ್ಲಿ ನಾಯಕನ ದರ್ಪವನ್ನೇ ಪೌರುಷವೆಂದು ಬಣ್ಣಿಸಲಾಗುತ್ತದೆ. ಅವನು ಕೈ ಹಿಡಿದೆಳೆದರೂ, ಕೆನ್ನೆಗೆ ಹೊಡೆದರೂ, ಒಳಗೆ ಪ್ರೀತಿಯಿದ್ದುದರಿಂದಲೇ ಹಾಗೆ ಮಾಡಿದ ಎಂಬ ಸಮಾಧಾನ ಕೊನೆಯ ಅಧ್ಯಾಯದಲ್ಲಿ ಸಿದ್ಧವಾಗಿರುತ್ತದೆ. ಇದನ್ನು ನಾನು ಒಪ್ಪಲಾರೆ. ಇನ್ನೊಂದು ದೋಷ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ: ಎಸ್ಟೇಟು, ಬಂಗಲೆ, ಕಾರುಗಳಿರುವ ಈ ಕಥೆಗಳಲ್ಲಿ ಜಾತಿಯ ಮಾತು ಬರುವುದೇ ಕಡಿಮೆ, ಏಕೆಂದರೆ ಪ್ರೀತಿಸುವ ಇಬ್ಬರೂ ಎಷ್ಟೋ ಸಲ ಒಂದೇ ಜಾತಿಯವರು. ನಮ್ಮ ಹಳ್ಳಿ ಪಟ್ಟಣಗಳಲ್ಲಿ ಪ್ರೀತಿಸಿದವರಿಗೆ ಎಲ್ಲಕ್ಕಿಂತ ಮೊದಲು ಎದುರಾಗುವ ಗೋಡೆಯನ್ನೇ ಬದಿಗಿಟ್ಟ ಪ್ರೇಮಕಥೆ ಎಷ್ಟೇ ಸೊಗಸಾಗಿದ್ದರೂ ಅರ್ಧ ನಿಜವನ್ನಷ್ಟೇ ಹೇಳುತ್ತದೆ. ನಾಯಕಿ 'ಬೇಡ' ಎಂದಾಗ ಕಥೆ ಅದನ್ನು ಮಾತೆಂದು ಪರಿಗಣಿಸುತ್ತದೆಯೇ ಅಥವಾ ನಾಚಿಕೆಯೆಂದು ತಳ್ಳಿಹಾಕುತ್ತದೆಯೇ ಎಂಬುದೊಂದನ್ನು ಗಮನಿಸುತ್ತ ಹೋದರೆ, ಒಳ್ಳೆಯ ಪುಸ್ತಕ ಯಾವುದೆಂದು ಯಾರೂ ನಿಮಗೆ ಹೇಳಿಕೊಡಬೇಕಾಗಿಲ್ಲ.

ಪ್ರಶ್ನೆ: ನನ್ನ ಮಗಳು ಎರಡನೆಯ ಪಿಯುಸಿ. ಮಿಲ್ಸ್ ಅಂಡ್ ಬೂನ್ ಪುಸ್ತಕಗಳನ್ನೂ ಮೊಬೈಲಿನಲ್ಲಿ ಬರುವ ಪ್ರೇಮ ಧಾರಾವಾಹಿಗಳನ್ನೂ ಒಂದೇ ಸಮನೆ ಓದುತ್ತಾಳೆ. ತಡೆಯಬೇಕೆ?
– ಒಬ್ಬ ತಾಯಿ, ಮೈಸೂರು

ಉತ್ತರ: ಪರೀಕ್ಷೆಯ ಓದಿಗೆ ಕುತ್ತು ಬರುತ್ತಿದ್ದರೆ ಹೊತ್ತಿನ ಮಿತಿ ಹಾಕಿ; ಪುಸ್ತಕವನ್ನು ಮಾತ್ರ ಕಿತ್ತುಕೊಳ್ಳಬೇಡಿ. 1908ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಆ ಪ್ರಕಾಶನದ ಪುಸ್ತಕಗಳನ್ನು ನಮ್ಮ ಕಾಲೇಜು ಹುಡುಗಿಯರು ತಲೆಮಾರುಗಳಿಂದ ಓದುತ್ತ ಬಂದಿದ್ದಾರೆ. ಇಂಗ್ಲಿಷ್ ವಾಕ್ಯ ತಡವರಿಸದೆ ಓದುವ ಅಭ್ಯಾಸ ಎಷ್ಟೋ ಮಂದಿಗೆ ಅಲ್ಲಿಂದಲೇ ಬಂದಿದೆ. ಮೊಬೈಲಿನ ಧಾರಾವಾಹಿಗಳ ಬಗ್ಗೆ ನನಗೆ ಕೊಂಚ ಕಳವಳವಿದೆ. ದಿನಕ್ಕೊಂದು ಕಂತು ಬರೆಯಲೇಬೇಕಾದಲ್ಲಿ ಕಥೆ ಎಳೆದಾಡುತ್ತದೆ. ಬಲವಂತದ ಮದುವೆ, ನಂತರ ಮೂಡುವ ಪ್ರೀತಿ ಎಂಬ ಹಳಸಲು ಮಾದರಿ ಅಲ್ಲಿ ಮತ್ತೆಮತ್ತೆ ಕಾಣಿಸುತ್ತದೆ. ಮಗಳು ಓದುತ್ತಿರುವುದರಲ್ಲಿ ಒಂದನ್ನು ನೀವೂ ಓದಿ, ಅಡುಗೆ ಮಾಡುವಾಗ ಜೊತೆಗೆ ನಿಲ್ಲಿಸಿಕೊಂಡು, "ಆ ಹುಡುಗ ಅವಳ ಫೋನನ್ನು ಕೇಳದೆ ತೆಗೆದು ನೋಡಿದನಲ್ಲ, ನಿನಗೆ ಸರಿ ಅನ್ನಿಸಿತಾ?" ಎಂದು ಕೇಳಿ. ಅವಳು ಕೊಡುವ ಉತ್ತರವನ್ನು ತಿದ್ದಲು ಹೋಗಬೇಡಿ, ಪೂರ್ತಿ ಕೇಳಿಸಿಕೊಳ್ಳಿ.

ಪ್ರಶ್ನೆ: ಗಂಡಸರು ಪ್ರೇಮ ಕಾದಂಬರಿ ಓದಿದರೆ ಗೆಳೆಯರು ನಗುತ್ತಾರೆ. ನನಗೆ ಓದಬೇಕೆನಿಸಿದೆ. ಎಲ್ಲಿಂದ ಆರಂಭಿಸಲಿ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ನಿಮ್ಮ ಜಿಲ್ಲೆಯ ಕಾದಂಬರಿಯಿಂದಲೇ ಆರಂಭಿಸಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಒಂದು ಜೋಡಿಯದಲ್ಲ, ಹಲವು ಜೋಡಿಗಳ ಪ್ರೇಮಕಥೆ. ಜೀತದಾಳು ಗುತ್ತಿ ತಾನು ಬಯಸಿದ ತಿಮ್ಮಿಯನ್ನು ಪಡೆಯಲು ಕಾಡು, ಮಳೆ, ಒಡೆಯರ ಅಂಕೆ ಎಲ್ಲವನ್ನೂ ದಾಟಬೇಕಾಗುತ್ತದೆ. ಮುಕುಂದಯ್ಯ, ಚಿನ್ನಮ್ಮರ ಪ್ರೀತಿಗೂ ಅಷ್ಟೇ ಗಾತ್ರದ ಅಡ್ಡಿಗಳಿವೆ. ಬೇಡದ ಮದುವೆಯ ಹಿಂದಿನ ರಾತ್ರಿ ಚಿನ್ನಮ್ಮ ಮನೆ ಬಿಟ್ಟು ಕತ್ತಲಲ್ಲಿ ಹೊರಟುಬಿಡುವ ಭಾಗವನ್ನು ಓದುವಾಗ, ಪ್ರೀತಿಗಾಗಿ ಹೆಣ್ಣೊಬ್ಬಳು ತೆತ್ತ ಧೈರ್ಯ ಎಷ್ಟೆಂಬುದು ನಿಮಗೇ ತಿಳಿಯುತ್ತದೆ. ದೊಡ್ಡ ಪುಸ್ತಕವಾದ್ದರಿಂದ ಅವಸರ ಬೇಡ. ಅದಾದ ಮೇಲೆ 'ಬೆಳ್ಳಿಮೋಡ', ನಂತರ ತ್ರಿವೇಣಿಯವರದೇ 'ಹಣ್ಣೆಲೆ ಚಿಗುರಿದಾಗ' ಓದಿ. ಇವೆರಡೂ ಒಂದೆರಡು ದಿನಗಳಲ್ಲಿ ಮುಗಿಯುವಂಥವು. ಚಲನಚಿತ್ರಗಳನ್ನು ಮೊದಲೇ ನೋಡಿದ್ದರೂ ಚಿಂತೆಯಿಲ್ಲ, ಪಾತ್ರಗಳ ಮನಸ್ಸಿನೊಳಗಿನ ಹೊಯ್ದಾಟ ಸಿಗುವುದು ಪುಸ್ತಕದಲ್ಲೇ. ನಗುವ ಗೆಳೆಯರಿಗೂ ಒಂದು ಪ್ರತಿ ಕೊಡಿ.