ನೀರು ಬಿಟ್ಟ ಆರ್ಸೆನಿಕ್ ಎಲ್ಲಿಗೆ ಹೋಯಿತು?

ಆತ್ಮೀಯರೆ,

ಉಡುಪಿಯಿಂದ ನೀವು ಕಳಿಸಿದ ಲೇಖನ ಓದಿದೆ. ಗಣಿಯಿಂದ ಬರುವ ಹುಳಿನೀರಿನಲ್ಲಿ, ಅಂದರೆ ಆಮ್ಲ ಬೆರೆತ ನೀರಿನಲ್ಲಿ, ಇರುವ ಆರ್ಸೆನಿಕ್ ಎಂಬ ವಿಷ ತೊರೆಯಲ್ಲಿ ತಾನಾಗಿಯೇ ಕಡಿಮೆಯಾಗುವ ವಿಷಯ. ಕನ್ನಡದಲ್ಲಿ ಇದನ್ನು ಬರೆಯುವವರು ಕಡಿಮೆ, ಹಾಗಾಗಿ ಲೇಖನ ನನಗೆ ಬೇಕು. ಆದರೆ ಈಗಿರುವ ಹಾಗೆ ಹಾಕಲಾರೆ.

ಮೊದಲ ಪುಟ ಪೂರ್ತಿ ತೆಗೆಯಿರಿ. ಪರಶುರಾಮ, ನೇತ್ರಾವತಿ, ಪ್ರಕೃತಿಮಾತೆ ಯಾವುದೂ ಇಲ್ಲಿ ಬೇಕಿಲ್ಲ. ಲೇಖನ ನಿಜವಾಗಿ ಶುರುವಾಗುವುದು ದಕ್ಷಿಣ ಫ್ರಾನ್ಸಿನ ಕಾರ್ನುಲೆಸ್‌ನಲ್ಲಿ. 1962ರಲ್ಲಿ ಮುಚ್ಚಿದ ಸೀಸ, ಸತುವಿನ ಗಣಿ. ಅಲ್ಲಿ ಬಿಟ್ಟುಹೋದ ತ್ಯಾಜ್ಯದ ರಾಶಿಯ ಬುಡದಿಂದ ರೇಗೂಸ್ ತೊರೆ ಹೊರಡುತ್ತದೆ. ಅಲ್ಲಿಂದಲೇ ಶುರು ಮಾಡಿ.

ಬ್ಯಾಕ್ಟೀರಿಯಾಗಳು ‘ಆರ್ಸೆನಿಕ್ ತಿಂದು ಮುಗಿಸುತ್ತವೆ’ ಎಂದಿದ್ದೀರಿ. ಅದು ತಪ್ಪು. ಆರ್ಸೆನಿಕ್ ಮೂಲಧಾತು, ಯಾರು ತಿಂದರೂ ಮುಗಿಯುವುದಿಲ್ಲ. ರಾಶಿಯಲ್ಲಿರುವ ಪೈರೈಟ್ ಎಂಬ ಕಬ್ಬಿಣ, ಗಂಧಕದ ಖನಿಜಕ್ಕೆ ಗಾಳಿ, ಮಳೆನೀರು ತಾಗಿ ಗಂಧಕಾಮ್ಲ ಹುಟ್ಟುತ್ತದೆ. ಕಬ್ಬಿಣ, ಆರ್ಸೆನಿಕ್ ಎರಡೂ ಕರಗಿ ಹರಿಯುತ್ತವೆ. ಅಷ್ಟು ಹುಳಿ ನೀರಿನಲ್ಲಿ ಕಬ್ಬಿಣ ಸುಮ್ನೆ ತುಕ್ಕಾಗುವುದಿಲ್ಲ, ಬಹಳ ನಿಧಾನ. ಅಸಿಡಿಥಯೋಬ್ಯಾಸಿಲಸ್ ಫೆರೊಆಕ್ಸಿಡನ್ಸ್ ಎಂಬ ಬ್ಯಾಕ್ಟೀರಿಯಾ ಆ ಕೆಲಸ ಚುರುಕು ಮಾಡುತ್ತದೆ. ತುಕ್ಕಾದ ಕಬ್ಬಿಣ ಕೆಸರಾಗಿ ತಳಕ್ಕೆ ಇಳಿಯುವಾಗ ಆರ್ಸೆನಿಕ್ ಅನ್ನು ಹಿಡಿದುಕೊಂಡೇ ಇಳಿಯುತ್ತದೆ. ಹಿಡಿಯುವುದು ಕಬ್ಬಿಣ, ಬ್ಯಾಕ್ಟೀರಿಯಾ ಅಲ್ಲ. ಮುರಕಲ್ಲಿನ ಗುಡ್ಡದ ಒಸರು ತೋಡಿಗೆ ಸೇರುವಲ್ಲಿ ಕಿತ್ತಳೆ ಬಣ್ಣದ ಲೋಳೆ ಕಟ್ಟುವುದನ್ನು ನಮ್ಮ ಓದುಗರು ನೋಡಿದ್ದಾರೆ, ಅಲ್ವಾ? ಅದನ್ನು ನೆನಪಿಸಿದರೆ ಅರ್ಧ ವಿವರಣೆ ಮುಗಿಯಿತು.

ಟೂಲೈಟ್ ಎಂಬ ಖನಿಜಕ್ಕೆ ನೀವು ಕೊಟ್ಟದ್ದು ಒಂದೇ ಸಾಲು. ನನಗೆ ಅತಿ ಹಿಡಿಸಿದ್ದು ಅದೇ! ಕಬ್ಬಿಣ, ಆರ್ಸೆನಿಕ್, ಸಲ್ಫೇಟ್ ಸೇರಿದ ಅಪರೂಪದ ಖನಿಜ. ತೊರೆಯ ಮೇಲ್ಭಾಗದಲ್ಲಿ ಮಳೆಗಾಲದಲ್ಲಿ ಇದು ಕಾಣುತ್ತದೆ. ಒಣ ತಿಂಗಳುಗಳಲ್ಲಿ ಅದೇ ಜಾಗದಲ್ಲಿ ಹರಳಿನ ರೂಪವೇ ಇಲ್ಲದ ಬೇರೆ ಕೆಸರು. ಋತು ಬದಲಾದರೆ ತೊರೆಯ ರಸಾಯನವೂ ಬದಲು. ಇದನ್ನು ಬಿಡಿಸಿ ಬರೆಯಿರಿ.

ಮೊದಲ 30 ಮೀಟರಿನಲ್ಲೇ ಶೇಕಡ 20ರಿಂದ 60ರಷ್ಟು ಆರ್ಸೆನಿಕ್ ಇಳಿಯುತ್ತದೆ ಎಂಬ ಅಳತೆ ಸರಿ. ಆದರೆ ಮುಂದಿನ ಸಾಲಲ್ಲೇ ‘ನೀರು ಶುದ್ಧವಾಯಿತು’ ಎಂದದ್ದು ಓದಿ ಬೇಜಾರಾಯಿತು. ಲೆಕ್ಕ ಹಾಕಿ ನೋಡಿ. ಲೀಟರಿಗೆ 100 ಮಿಲಿಗ್ರಾಂ ಇದ್ದು ಶೇಕಡ 60 ಹೋದರೂ 40 ಉಳಿಯಿತು. ಕುಡಿಯುವ ನೀರಿನ ಮಿತಿ 0.01. ಉಳಿದದ್ದೇ ಮಿತಿಯ 4000 ಪಟ್ಟು! ಈ ಲೆಕ್ಕ ಲೇಖನದಲ್ಲಿ ಬರಲೇಬೇಕು.

ಕೊನೆಗೆ ‘ನಮ್ಮ ಬಾವಿಯ ಕೆಂಪು ನೀರಲ್ಲೂ ಆರ್ಸೆನಿಕ್ ಇರಬಹುದೇ?’ ಎಂದು ಕೇಳಿ ಬಿಟ್ಟಿದ್ದೀರಿ. ಹಾಗೆ ಹೆದರಿಸಬೇಡಿ. ಆ ಕೆಂಪು ಬಣ್ಣ ಕಬ್ಬಿಣದ್ದು. ನೀರಲ್ಲಿ ಕರಗಿದ ಆರ್ಸೆನಿಕ್‌ಗೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದರೆ ಮಾತ್ರ ಗೊತ್ತಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಕೆಸರು. ಆರ್ಸೆನಿಕ್ ನೀರು ಬಿಟ್ಟಕೂಡಲೇ ನೀವೂ ಅದನ್ನು ಬಿಟ್ಟಿದ್ದೀರಿ. ಅದು ತಳದಲ್ಲೇ ಇದೆ. ಜೋರು ಮಳೆಗೆ ಕೆಸರು ಎದ್ದು ಕೆಳಗಿನ ಅಮೂಸ್ ಹೊಳೆಗೆ ಹೋಗುತ್ತದೆ. ಗಾಳಿಯಾಡದ ಕಡೆ ಹೂತರೆ ಬೇರೆ ಬ್ಯಾಕ್ಟೀರಿಯಾಗಳು ಕಬ್ಬಿಣವನ್ನು ಮತ್ತೆ ಕರಗಿಸಬಹುದು, ಹಿಡಿದಿಟ್ಟ ಆರ್ಸೆನಿಕ್ ಆಗ ನೀರಿಗೆ ವಾಪಸ್. ತೊರೆಯನ್ನು ನಂಬಿ ಗಣಿಯನ್ನು ಹಾಗೇ ಬಿಟ್ಟುಬಿಡಬಹುದು ಎಂದು ಓದುಗರು ತಿಳಿಯಬಾರದು. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಈ ಭಾಗ ಹೊಸದಾಗಿ ಬರೆದು ಕಳಿಸಿ. ಬಂದ ಕೂಡಲೇ ಓದುತ್ತೇನೆ.

ಸಂಪಾದಕ, ಮಂಗಳೂರು